ಸುಂಕದ ಎರ್ರಮ್ಮನ ಒಂದೇ ಮಾತು

ಗಂಗಾಂಬಿಕಾ ಅವನನ್ನು ಮೊದಲ ಸಲ ನೋಡಿದಾಗ ಅವನು ಸುಂಕದ ಗೇಟಿನ ಪಕ್ಕದ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದ.

ನಿಜವಾದ ಕಲ್ಲಲ್ಲ, ನಿಜವಾದ ಗೇಟೂ ಅಲ್ಲ. ಮೊಬೈಲಿನಲ್ಲಿ ಆಡುವ 'ಕೋಟೆದಾರಿ' ಅನ್ನುವ ಗೇಮು ಅದು. ಆಡುವವರೆಲ್ಲ ಕತ್ತಿ ಹಿಡಿದು ಕೋಟೆಯ ಕಡೆ ಓಡುತ್ತಾರೆ. ದಾರಿಯಲ್ಲಿ ಸುಂಕದ ಎರ್ರಮ್ಮ ಅಂತ ಒಬ್ಬ ಮುದುಕಿ ಗೇಟಿಗೆ ಅಡ್ಡ ನಿಂತಿರುತ್ತಾಳೆ. ಅವಳನ್ನು ಯಾರೂ ಆಡಿಸುವುದಿಲ್ಲ, ಅವಳು ಗೇಮಿನದೇ ಬೊಂಬೆ. ಯಾರು ಬಂದರೂ, ಎಷ್ಟು ಸಲ ಬಂದರೂ ಅದೇ ಮಾತು.

"ಏಯ್, ಎಲ್ಲಿಗೆ ಹೊಂಟಿ? ಸುಂಕ ಇಟ್ಟು ಸಾಯಿ!"

ಆಡುವವರಿಗೆ ಮೈಯೆಲ್ಲ ಉರಿ. ಕಲ್ಲು ಎಸೆಯುತ್ತಿದ್ದರು, ಕತ್ತಿ ಬೀಸುತ್ತಿದ್ದರು. ಮುದುಕಿ ಸಾಯಬೇಕಲ್ಲ! ಮತ್ತೆ "ಏಯ್, ಎಲ್ಲಿಗೆ ಹೊಂಟಿ?" ಕೆಳಗಿನ ಕಾಮೆಂಟುಗಳನ್ನಂತೂ ಕೇಳಲೇಬೇಡಿ. "ಈಕಿ ಬಾಯಿಗೆ ಸೆಗಣಿ ಮೆತ್ರಪ್ಪೋ." "ನೂರು ಸಲ ಅದೇ ಮಾತು, ನಮ್ಮತ್ತಿನೇ ವಾಸಿ." "ಎಲ್ಲಿಂದ ಹಿಡಕೊಂಡು ಬಂದ್ರಲೇ ಈ ಕಾಗಿ ದನಿ?"

ಆ ಕಾಗೆ ದನಿ ಗಂಗಾಂಬಿಕಾಳದು.

ಕೊಟ್ಟೂರು ಬಸ್‌ಸ್ಟ್ಯಾಂಡಿನ ಹಿಂದೆ ಅವಳ ಡಿಟಿಪಿ ಅಂಗಡಿ. ಗೇಮು ಮಾಡಿದ ದಾವಣಗೆರೆಯ ಹುಡುಗರು ಪೋಸ್ಟರ್ ಪ್ರಿಂಟ್ ಹಾಕಿಸಲು ಬಂದಿದ್ದರು. ಪಾಳಿ ತಪ್ಪಿಸಿ ನುಗ್ಗಿದ ಗಿರಾಕಿಯೊಬ್ಬನನ್ನು ಅವಳು ಅಪರೂಪಕ್ಕೆ ಬಾಯಿಬಿಟ್ಟು ಗದರಿದಳು. "ಅಕ್ಕಾ, ಇದೇ ದನಿ ಬೇಕು" ಅಂತ ಹುಡುಗರು ಗಂಟುಬಿದ್ದರು. ಹೊರಗಿನ ಗದ್ದಲ ಸೇರದಿರಲಿ ಅಂತ ಅಲ್ಮೆರಾದೊಳಗೆ ಸೀರೆಗಳ ಮಧ್ಯೆ ತಲೆ ತೂರಿಸಿ ಆ ಒಂದು ಮಾತನ್ನು ರೆಕಾರ್ಡ್ ಮಾಡಿ ಕಳಿಸಿದ್ದಳು.

ಅಪರೂಪಕ್ಕೆ ಅಂದೆನಲ್ಲ, ಅದಕ್ಕೂ ಕಾರಣವಿದೆ. ಹುಟ್ಟಿದಾಗಿನಿಂದ ಅವಳದು ಗಡಸು ದನಿ. ನೋಡಲು ಬಂದ ಎರಡು ಗಂಡುಗಳು ಮುಖ ನೋಡಿ ಒಪ್ಪಿದರು, ಮಾತು ಕೇಳಿ ಎದ್ದುಹೋದರು. "ಫೋನಿನಾಗ ಮಾತಾಡಿದ್ರ ಹೆಂಡ್ತಿನೋ ಮಾವನೋ ತಿಳಿಯಂಗಿಲ್ಲ ನೋಡವ್ವ" ಅಂತ ಎರಡನೆಯವನ ಅಕ್ಕ ಬಾಗಿಲಾಚೆ ನಕ್ಕದ್ದು ಇವಳ ಕಿವಿಗೂ ಬಿದ್ದಿತ್ತು. ಅವತ್ತಿನಿಂದ ಗಂಗಾಂಬಿಕಾ ಬಾಯಿಗೆ ಬೀಗ ಹಾಕಿಕೊಂಡಳು. ಈಗ ಮೂವತ್ತೊಂದು. ಮನೆಯಲ್ಲಿ ಅತ್ತಿಗೆ ರೋಜಾ ದಿನಕ್ಕೆರಡು ಸಲ "ಊಟ ಆತೇನು?" ಅನ್ನುತ್ತಾಳೆ, ಇವಳು "ಹ್ಞೂಂ" ಅನ್ನುತ್ತಾಳೆ. ಎರ್ರಮ್ಮನಿಗಾದರೂ ಅದಕ್ಕಿಂತ ಉದ್ದದ ಮಾತಿತ್ತು.

ಮಧ್ಯಾಹ್ನ ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತಿನಲ್ಲಿ ಅವಳು 'ಬಿಸಿಲು' ಅನ್ನುವ ಹೆಸರಿನಲ್ಲಿ ಗೇಮಿನೊಳಗೆ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಿದ್ದಳು. ತನ್ನ ದನಿಗೆ ಜನ ಕಲ್ಲು ಹೊಡೆಯುವುದನ್ನು ನೋಡುತ್ತಿದ್ದಳು. ಯಾಕೆ ಅಂದರೆ ಅವಳಿಗೂ ಗೊತ್ತಿಲ್ಲ.

'ಕುರಿಹಟ್ಟಿ' ಅನ್ನುವ ಹೆಸರಿನ ಆ ಒಬ್ಬ ಮಾತ್ರ ಬೇರೆ. ಎರ್ರಮ್ಮ ಬೈದ ಕೂಡಲೇ ಕಲ್ಲಿನ ಮೇಲೆ ಕೂರುತ್ತಿದ್ದ. ಎರಡು ನಿಮಿಷ ಬಿಟ್ಟು, ತನ್ನ ಚೀಲದ ನೀರು ಕುಡಿದು, ಎದ್ದು ಹೋಗುತ್ತಿದ್ದ. ದಿನಾ ಅದೇ. ಒಂಬತ್ತನೆಯ ದಿನ ಅವಳಿಂದ ತಡೆಯಲಾಗಲಿಲ್ಲ, ಟೈಪ್ ಮಾಡಿದಳು.

"ಯಾಕ ಕುಂದ್ರತೀರಿ?"

"ಹೊಂಟೋನ್ನ ಎಲ್ಲಿಗೆ ಅಂದುಬಿಟ್ಟಳಲ್ರಿ! ಹಂಗ ಹೋದ್ರ ಕೆಲಸ ಆಗ್ತೈತೇನು? ಕುಂತು, ನೀರು ಕುಡುದು ಹೋಗಬೇಕು."

ಗಂಗಾಂಬಿಕಾ ಪಕ್ಕೆಂದು ನಕ್ಕಳು. ಸುತ್ತಲಿನ ಊರಲ್ಲೆಲ್ಲ 'ದೂರ ಹೊಂಟ್ರೇನು?' ಅಂತಲೇ ಕೇಳುವುದು. ಮರೆತು 'ಎಲ್ಲಿಗೆ' ಅಂದರೆ ಹೊರಟವರು ಕೂತು ನೀರು ಕುಡಿದೇ ಏಳಬೇಕು. ಆದರೆ ಗೇಮಿನಲ್ಲಿ?

"ಗೇಮಿನಾಗೂ ಅಪಶಕುನ ಐತೇನ್ರಿ?"

"ಗೇಮಿನಾಗ ಸಾಯೋದೇನು ಕಮ್ಮಿ ಐತೇನ್ರಿ?"

ಅವನ ಹೆಸರು ಕಾಂತೇಶ್. ತೆಲಿಗಿಯವನು, ಕುರಿ ಸಾಕುವ ಮನೆಯವನು. ಹರಪನಹಳ್ಳಿಯ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳನ್ನು ಕಾಯುವ ಕೆಲಸ. ಬೆಳಗಿನಿಂದ ಸಂಜೆಯ ತನಕ ತಗಡಿನ ಕೋಣೆಯಲ್ಲಿ ಒಬ್ಬನೇ.

"ಎಲ್ರೂ ಆಕಿನ್ನ ಬೈತಾರ. ನನಗ ಆಕಿ ಬೇಕ್ರಿ" ಅಂತ ಒಂದು ದಿನ ಬರೆದ. "ದಿನಾ ನನ್ನ ಎಲ್ಲಿಗೆ ಅಂತ ಕೇಳೋದು ಆಕಿ ಒಬ್ಬಾಕಿನೇ. ಒಂದೇ ಮಾತಾದ್ರ ಏನಾತು? ಆ ದನ್ಯಾಗ ನಮ್ಮ ಕಡಿ ಮಂದಿ ಬೈದಂಗ ಕೇಳ್ತೈತಿ."

ಅವಳು ಫೋನನ್ನು ಬೋರಲು ಹಾಕಿ, ಪ್ರಿಂಟರಿನ ಕಡೆ ತಿರುಗಿ ಅತ್ತಳು. ತನ್ನ ದನಿಯನ್ನು ಬೇಕು ಅಂದವನು ಇವನೊಬ್ಬನೇ. ಅದು ತನ್ನದು ಅಂತ ಹೇಳಲು ಮಾತ್ರ ಬಾಯಿಲ್ಲ. ಬೊಂಬೆಯ ಬಾಯಲ್ಲಿ ಚಂದ ಕಂಡ ದನಿ ಹೆಣ್ಣಿನ ಬಾಯಲ್ಲಿ ಬಂದರೆ? ಮೂರನೆಯವನೂ ಎದ್ದುಹೋದರೆ?

ಐದು ತಿಂಗಳು ಇಬ್ಬರೂ ಆ ಕಲ್ಲಿನ ಮೇಲೆ ಕೂತು ಟೈಪ್ ಮಾಡಿದರು.

"ಒಮ್ಮಿ ಮೈಕ್ ಹಚ್ರಿ."

"ಕೆಟ್ಟೈತಿ."

"ಐದು ತಿಂಗಳಿಂದ? ಕೊಟ್ಟೂರಾಗ ಮೈಕ್ ರಿಪೇರಿ ಮಾಡೋರು ಸತ್ತಾರೇನು?"

"ಹ್ಞೂಂ, ಮೊನ್ನಿ ತಿಥಿ ಆತು."

ನಗುವ ಮುಖ ಕಳಿಸಿದ. ಅವಳೂ ಕಳಿಸಿದಳು. ಆ ಹಳದಿ ಮುಖ ನಕ್ಕಷ್ಟು ಅವಳ ಮುಖ ನಗಲಿಲ್ಲ.

ಆಮೇಲೆ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ದೂರು ಹೆಚ್ಚಾದದ್ದಕ್ಕೆ ಎರ್ರಮ್ಮನಿಗೆ ಬೇರೆ ಇಂಪಾದ ದನಿ ಹಾಕುತ್ತೇವೆ ಅಂತ ಗೇಮಿನವರು ಪ್ರಕಟಿಸಿದರು. ಕಾಂತೇಶನನ್ನು ಕಂಪನಿಯವರು ಗದಗಿನ ಕಡೆಯ ಗುಡ್ಡಕ್ಕೆ ವರ್ಗ ಮಾಡಿದರು. ಅಲ್ಲಿ ಸಿಗ್ನಲ್ ಇಲ್ಲ.

"ಮಂಗಳವಾರ ನಿಮ್ಮೂರಾಗ ಬಸ್ ಬದಲಿ ಮಾಡ್ತೀನಿ. ಹನ್ನೆರಡಕ್ಕ ಹಡಗಲಿ ಬಸ್ಸು. ಹೆಗಲ ಮ್ಯಾಲ ಕೆಂಪು ಟವೆಲ್ ಇರ್ತೈತಿ" ಅಂತ ಬರೆದ. "ಮಾತಾಡೋದು ಬ್ಯಾಡ. ದೂರಿಂದ ಕೈ ಎತ್ರಿ, ಸಾಕು."

ಮಂಗಳವಾರ ಅವಳು ಹನ್ನೊಂದೂವರೆಗೇ ಮಂಡಕ್ಕಿ ಅಂಗಡಿಯ ಕಂಬದ ಹಿಂದೆ ನಿಂತಿದ್ದಳು.

ಕೆಂಪು ಟವೆಲ್ ಬಂತು. ಅವಳು ಅಂದುಕೊಂಡದ್ದಕ್ಕಿಂತ ಕುಳ್ಳ, ಅಂದುಕೊಂಡದ್ದಕ್ಕಿಂತ ಚಂದ. ಕಂಡ ಕಂಡ ಹೆಣ್ಣಿನ ಕೈ ನೋಡುತ್ತಿದ್ದ, ಯಾವುದಾದರೂ ಮೇಲೇಳುತ್ತದೇನೋ ಅಂತ. ಅವನ ಕಣ್ಣು ಎರಡು ಸಲ ಅವಳ ಮೇಲೆ ಬಂದು, ಒಂದು ಚಣ ನಿಂತು, ಸಂಕೋಚಪಟ್ಟು ಸರಿಯಿತು. ಎರಡು ಸಲವೂ ಅವಳ ಕೈ ಸೊಂಟದ ಮಟ್ಟಕ್ಕೆ ಬಂದು ನಿಂತುಹೋಯಿತು. ಕೈ ಎತ್ತಿದರೆ ಅವನು ಹತ್ತಿರ ಬರುತ್ತಾನೆ, ಹತ್ತಿರ ಬಂದರೆ ಮಾತಾಡಬೇಕು.

ಹಡಗಲಿ ಬಸ್ಸು ಬಂತು. ಜನ ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಕಾಂತೇಶ್ ಕೊನೆಯ ಸಲ ಸುತ್ತಲೂ ನೋಡಿ, ತಲೆ ತಗ್ಗಿಸಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

ಹೋದನಲ್ಲಪ್ಪಾ, ಹೋಗೇಬಿಟ್ಟನಲ್ಲ! ಅವಳ ಎದೆ ಒಡೆಯಿತು. ಕೂಗಬೇಕು, ಏನಂತ ಕೂಗುವುದು? ವರ್ಷಗಟ್ಟಲೆ ಬೀಗ ಬಿದ್ದಿದ್ದ ಗಂಟಲಿನಿಂದ ಸಿಕ್ಕಿದ ಮಾತೇ ಹೊರಬಿತ್ತು.

"ಏಯ್! ಎಲ್ಲಿಗೆ ಹೊಂಟಿ?"

ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡಿತು. ಬುಟ್ಟಿ ಹೊತ್ತ ಮುದುಕಿಯೊಬ್ಬಳು, "ಹೊಂಟೋರ್ನ ಎಲ್ಲಿಗೆ ಅಂತಾರೇನಬೇ, ತಿಳಿಗೇಡಿ!" ಅಂತ ಬೈದಳು.

ಕಾಂತೇಶ್ ಮಾತ್ರ ತಿರುಗಲಿಲ್ಲ. ಮೆಟ್ಟಿಲಿನಿಂದ ಕಾಲು ತೆಗೆದ. ಚೀಲ ಇಳಿಸಿ, ನೆಟ್ಟಗೆ ಹೋಗಿ ಕಲ್ಲಿನ ಬೆಂಚಿನ ಮೇಲೆ ಕೂತ. ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು.

ಅವಳು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಮೈಕ್ ರಿಪೇರಿ ಆತೇನ್ರಿ?" ಅಂದ, ಎದುರಿನ ಗೋಡೆ ನೋಡುತ್ತ.

"ಹ್ಞೂಂ." ಅವಳೂ ಅದೇ ಗೋಡೆ ನೋಡಿದಳು. "ಕಾಗಿ ದನಿ. ಹೇಳಾಕ ಹೆದರಿಕಿ ಇತ್ತು."

"ನಿಮ್ಮ ಮುಂದ ಆಕಿನ್ನ ಹೊಗಳೀನಿ. ಆಕಿ ಮುಂದ ನಿಮ್ಮನ್ನ ಹೊಗಳೀನಿ, ದಿನಾ, ಫೋನಿಗೆ ಬಾಯಿ ಹಚ್ಚಿ. ಸುಂಕದಾಕಿ ಮುಂದ ಸುಖದುಃಖ ಹೇಳಿಕೊಂಡ್ರ ಏನು ಬಂತು ಅಂತ ನಾನೇ ನಗ್ತಿದ್ದೆ." ಈಗ ಅವಳ ಕಡೆ ತಿರುಗಿದ. ಕಣ್ಣು ತುಂಬಿದ್ದವು. "ಇಬ್ರೂ ಒಬ್ರೇ ಏನ್ರಿ?"

"ಏನಂತ ಹೊಗಳಿದ್ರಿ?"

"ಬಿಸಿಲು ಅನ್ನಾಕಿನ್ನ ಬಿಟ್ಟು ಈ ಜಲ್ಮದಾಗ ಯಾರನ್ನೂ ಮದಿವಿ ಆಗಂಗಿಲ್ಲ ಅಂತ. ಕೇಳಿಸ್ಲಿಲ್ಲೇನು?"

ಅವಳು ನಕ್ಕಳು, ತನ್ನ ಪೂರ್ತಿ ದನಿಯಲ್ಲಿ. ಮಂಡಕ್ಕಿ ಅಂಗಡಿಯವನು ಬಗ್ಗಿ ನೋಡಿದ. ನೋಡಲಿ ಅಂತ ಇನ್ನೊಂದಿಷ್ಟು ನಕ್ಕಳು.

"ಮುಂದಿನ ಬಸ್ಸು ಎರಡೂವರಿಗೆ ಐತಿ" ಅಂದಳು ಕೊನೆಗೆ. ಅವನು ಹೋಗಲೇಬೇಕು, ಆ ಗುಡ್ಡದಲ್ಲಿ ಸಿಗ್ನಲ್ ಇಲ್ಲ, ಎರಡೂ ಸುಳ್ಳಾಗಿರಲಿಲ್ಲ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು. "ಎಲ್ಲಿಗೆ ಅಂದುಬಿಟ್ಟೀನಿ. ನೀರು ಕುಡುದು ಹೋಗ್ರಿ."

ಕಾಂತೇಶ್ ಬಾಟಲಿ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡ.

ಎರಡೂವರೆಯ ಬಸ್ಸು ಬಂತು, ಹೋಯಿತು. ಅವನಿನ್ನೂ ಮುಚ್ಚಳ ತೆಗೆದಿರಲಿಲ್ಲ.