ಹೊಳೆಸಾಲು ತಂಡಕ್ಕೆ ಎರಡು ವರ್ಷ

ಇಟ್ಟಿಗೆಯ ಚೂರು ರೆಫರಿ ಅಶ್ಫಾಕರ ಎಡಗಣ್ಣಿಗೆ ಬಡಿಯಿತು. ಅವರು ಕೂಗಲಿಲ್ಲ. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮ್ಯಾಟಿನ ಮೇಲೆ ಮಂಡಿಯೂರಿದರು.

ಹರಿಹರದ ಮೈದಾನ. ಭಾನುವಾರ ಸಂಜೆ ಐದು ಗಂಟೆ. ತುಂಗಭದ್ರಾ ಕಬಡ್ಡಿ ಲೀಗಿನ ಸೆಮಿಫೈನಲ್. ನಮ್ಮ ಹೊಳೆಸಾಲು ತಂಡ ದಾವಣಗೆರೆಯವರಿಗಿಂತ ಒಂಬತ್ತು ಅಂಕ ಹಿಂದಿತ್ತು. ಉಳಿದಿದ್ದು ನಾಲ್ಕೇ ನಿಮಿಷ. ರೇಡಿಗೆ ಹೋಗಿದ್ದ ನಮ್ಮ ನಾಯಕ ಶಿವು ಆಟ ಬಿಟ್ಟು ಓಡಿಬಂದು ಅಶ್ಫಾಕರನ್ನು ಹಿಡಿದುಕೊಂಡ. ಅವನ ಬನಿಯನ್ನಿಗೂ ರಕ್ತ ಹತ್ತಿತು.

ಇಟ್ಟಿಗೆ ಬಂದದ್ದು ಹರಿಹರದ ಅಭಿಮಾನಿಗಳು ಕೂತಿದ್ದ ಮೆಟ್ಟಿಲುಗಳ ಕಡೆಯಿಂದ. ಅಂದರೆ ನಮ್ಮ ಕಡೆಯಿಂದ. ಎಸೆದವರು ಯಾರು? ಸುಮಾರು ಇನ್ನೂರು ಜನರಿದ್ದೆವು. ಯಾರೂ ನೋಡಿರಲಿಲ್ಲ.

ಮೂರನೆಯ ದಿನ ಲೀಗಿನ ಆದೇಶ ಬಂತು. ತಂಡದ ಕಾರ್ಯದರ್ಶಿ ನಾನು, ಹಾಗಾಗಿ ಮೊದಲು ಓದಿದವನೂ ನಾನೇ. ಹೊಳೆಸಾಲು ತಂಡ ಟೂರ್ನಿಯಿಂದ ಹೊರಗೆ. ಹನ್ನೆರಡೂ ಆಟಗಾರರಿಗೆ ಎರಡು ವರ್ಷ ನಿಷೇಧ. ಎಸೆದವನ ಹೆಸರನ್ನು ಎಂಟು ದಿನದೊಳಗೆ ಪುರಾವೆ ಸಮೇತ ಕೊಟ್ಟರೆ ಮಾತ್ರ ಮರುಪರಿಶೀಲನೆ.

ಶಿವುಗೆ ಎರಡು ವರ್ಷ ಎಂದರೆ ಎಲ್ಲವೂ. ಮುಂದಿನ ತಿಂಗಳು ಪೊಲೀಸ್ ಕ್ರೀಡಾ ಕೋಟಾದ ಆಯ್ಕೆಯಿತ್ತು. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ನಿಷೇಧವಿದ್ದವನಿಗೆ ಅಲ್ಲಿ ಪ್ರವೇಶವಿಲ್ಲ.

ಮಂಡಕ್ಕಿ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಅಂದಿನಿಂದ ಒಂದೇ ಮಾತು. ಶಿಕ್ಷೆ ಸರಿಯೋ, ತಪ್ಪೋ? ತಂಡದ ಅಧ್ಯಕ್ಷ ಭರಮಣ್ಣನದು ದೊಡ್ಡ ಗಂಟಲು. ಒಬ್ಬ ಯಾವನೋ ಕೈ ಬೀಸಿದ್ದಕ್ಕೆ ಆಡುವ ಹುಡುಗರ ಕಾಲು ಮುರಿದರೆ ಅದು ನ್ಯಾಯವಲ್ಲ, ದಾವಣಗೆರೆಯವರ ರಾಜಕೀಯ ಎಂದು ಅವನು ವಾದಿಸಿದ. ಬೆಂಚು ಪೂರ್ತಿ ಅವನ ಕಡೆಗಿತ್ತು. ಹಳೇ ಆಟಗಾರ ಪರಮೇಶ್ವರಪ್ಪ ಮೇಷ್ಟ್ರು ಮಾತ್ರ ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟು ಕೇಳಿದರು.

"ಅಶ್ಫಾಕನ ಕಣ್ಣಿಗೆ ಎಷ್ಟು ವರ್ಷ ಹಾಕ್ತೀಯೋ ಭರಮಣ್ಣ?"

ಆ ಕಣ್ಣು ಮರಳಿ ಬರುವುದಿಲ್ಲವೆಂದು ಡಾಕ್ಟರು ಅಂದೇ ಬೆಳಿಗ್ಗೆ ಹೇಳಿದ್ದರು. ಭರಮಣ್ಣ ಚಹಾ ತರಿಸಿದ. ಮಾತು ಬೇರೆ ಕಡೆ ಹೋಯಿತು.

ಅನುಮಾನ ಬಿದ್ದದ್ದು ಆಟೊ ಓಡಿಸುವ ಪರಶುರಾಮನ ಮೇಲೆ. ಮೊದಲರ್ಧದಲ್ಲಿ ಅವನು ಅಶ್ಫಾಕರಿಗೆ ಬಾಯಿಗೆ ಬಂದಂತೆ ಬೈದಿದ್ದ. ಇಟ್ಟಿಗೆ ಬಂದದ್ದು ಅವನು ನಿಂತಿದ್ದ ಮೂಲೆಯಿಂದಲೇ ಎಂದು ನಾಲ್ಕು ಜನ ಹೇಳಿದರು. ಗುರುವಾರ ಯಾರೋ ಅವನ ಆಟೊದ ಗಾಜು ಒಡೆದರು. ಅವನು ದೂರು ಕೊಡಲಿಲ್ಲ. ಅದೂ ಅವನ ವಿರುದ್ಧವೇ ಸಾಕ್ಷಿಯಾಯಿತು.

ಶುಕ್ರವಾರ ನಾನು ದಾವಣಗೆರೆಗೆ ಹೋದೆ. ವಿನೋಬನಗರದ ಒಂದು ಮಹಡಿಯ ಕೋಣೆಯಲ್ಲಿ ನುಜತ್ ಮದುವೆ ವಿಡಿಯೊ ಎಡಿಟ್ ಮಾಡುತ್ತಾಳೆ. ಕಾಲೇಜಿನಲ್ಲಿ ನನ್ನ ಸಹಪಾಠಿ. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಕಳೆದ ಸರ ಯಾರ ಕೈಗೆ ಹೋಯಿತೆಂದು, ಮನೆಯವರು ಹತ್ತು ಸಲ ನೋಡಿದ್ದ ವಿಡಿಯೊದಿಂದಲೇ ತೋರಿಸಿಕೊಟ್ಟಿದ್ದಳು.

"ನಿಮ್ ತಂಡ ಉಳಿಸಾಕ ದಾವಣಗೆರೆಯವಳೇ ಬೇಕಾಯ್ತಾ?" ಎಂದಳು. ಆಮೇಲೆ ನಗುವುದು ಬಿಟ್ಟು ಕೈ ಚಾಚಿದಳು. "ಕೊಡು. ಎಷ್ಟು ಜನರ ವಿಡಿಯೊ ಐತೆ?"

ಪರಶುರಾಮನದೂ ಸೇರಿ ನಾಲ್ಕು ಜನರದಿತ್ತು. ಒಂದರಲ್ಲೂ ಎಸೆದವನಿಲ್ಲ. ಎಲ್ಲರೂ ಫೋನ್ ಹಿಡಿದಿದ್ದು ಶಿವುವಿನ ರೇಡಿಗೆ. ಮುಂದೆ ಕೂತವರ ತಲೆಗಳ ಹಿಂಭಾಗ, ಅದರಾಚೆ ಮ್ಯಾಟು, ಆಮೇಲೆ ಗದ್ದಲ. ನಾವು ಅವನ್ನು ನೂರು ಸಲ ನೋಡಿದ್ದೆವು.

ನುಜತ್ ಮೊದಲು ಚಿತ್ರವನ್ನೇ ನೋಡಲಿಲ್ಲ. ಬೇರೆ ಬೇರೆ ಕ್ಯಾಮೆರಾಗಳ ತುಣುಕನ್ನು ಕೂಡಿಸುವಾಗ ಮೊದಲು ಶಬ್ದ ಕೂಡಿಸಬೇಕಂತೆ. ಅಶ್ಫಾಕರು ಊದಿದ ಕೊನೆಯ ಸೀಟಿಯನ್ನು ನಾಲ್ಕರಲ್ಲೂ ಹುಡುಕಿ, ಒಂದರ ಕೆಳಗೊಂದು ಜೋಡಿಸಿದಳು. ಕಿವಿಗೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೂತಳು. ಆ ಕೋಣೆಯ ಮೌನ ನನಗೆ ಹಿತವಾಗಿತ್ತು. ಹರಿಹರದಲ್ಲಿ ಐದು ದಿನದಿಂದ ಯಾರೂ ಸುಮ್ಮನಿರಲಿಲ್ಲ.

"ಪರಶುರಾಮ ಅಲ್ಲ," ಎಂದಳು ಕೊನೆಗೆ.

"ಹೆಂಗೆ?"

"ಈ ಮೂರನೇದು ಅವನ ಫೋನಿಂದಲ್ವಾ? ಇಟ್ಟಿಗೆ ಬಂದಾಗಲೂ ಚಿತ್ರ ಅಲುಗಾಡಿಲ್ಲ. ಇದನ್ನ ಅವ ನಿಮಗೆ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ಅವಳು ನನ್ನನ್ನೊಮ್ಮೆ ನೋಡಿದಳು. ಬಳಿಕ ಅಂದಿನ ಹೇಳಿಕೆಗಳನ್ನು ಕೇಳಿದಳು. ನಾನು ಹದಿನೇಳು ಜನರನ್ನು ಕೇಳಿ ಬರೆದಿಟ್ಟಿದ್ದೆ. ಎಲ್ಲರದೂ ಒಂದೇ ಮಾತು: ಇಟ್ಟಿಗೆ ಬಿತ್ತು, ಡಬ್ಬದ ಸದ್ದು ನಿಂತಿತು, ಮೈದಾನ ತಣ್ಣಗಾಯಿತು.

"ಡಬ್ಬ ಅಂದ್ರೆ?"

ನಮ್ಮ ಅಭಿಮಾನಿಗಳ ಕೂಗಿಗೆ ತಾಳವಾಗಿ ಖಾಲಿ ಎಣ್ಣೆ ಡಬ್ಬ ಬಾರಿಸುತ್ತಾರೆ. ಬಾರಿಸುವವಳು ಸ್ವಾತಿ, ಶಿವುವಿನ ತಂಗಿ. ಮೂರು ವರ್ಷದಿಂದ ಅವಳದೇ ಆ ಕೆಲಸ.

ನುಜತ್ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿದಳು. ಡಬ್ಬದ ಬಡಿತ, ಕೂಗು, ಬಡಿತ. ಆಮೇಲೆ ಬಡಿತವಿಲ್ಲ. ಕೂಗು ಇನ್ನೂ ಇತ್ತು. ಒಂದು, ಎರಡು. ಆಗ ಇಟ್ಟಿಗೆ ಬಡಿದ ಸದ್ದು, ಜನ ಉಸಿರೆಳೆದ ಸದ್ದು.

"ಮೊದಲು ನಿಂತಿದ್ದು ಡಬ್ಬ," ಎಂದಳು. "ಆಮೇಲೆ ಬಿದ್ದಿದ್ದು ಇಟ್ಟಿಗೆ. ನಾಲ್ಕರಲ್ಲೂ ಹಂಗೇ ಐತೆ. ಆ ಹುಡುಗಿಯನ್ನ ಕರ್ಕೊಂಡು ಬಾ. ಅವಳ ಅಣ್ಣನ್ನೂ ಕರಿ."

ಶನಿವಾರ ಮಧ್ಯಾಹ್ನ ಅವರಿಬ್ಬರೂ ಬಂದರು. ಜೊತೆಗೆ ಕರೆಯದಿದ್ದರೂ ಅವರ ಅಪ್ಪ ಉಚ್ಚಂಗೆಪ್ಪ ಬಂದ. ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಆಳು, ಮಾತು ಕಡಿಮೆ. ಕುರ್ಚಿ ಕೊಟ್ಟರೂ ಕೂರದೆ ಬಾಗಿಲ ಬಳಿ ನಿಂತ.

ನುಜತ್ ಸ್ವಾತಿಗೆ ನೀರು ಕೊಟ್ಟಳು.

"ಡಬ್ಬ ಯಾಕ ನಿಲ್ಲಿಸಿದೆಮ್ಮ?"

"ಇಟ್ಟಿಗೆ ಬಿದ್ದಿದ್ದು ನೋಡಿ ನಿಲ್ಲಿಸ್ದೆ ಅಕ್ಕ."

"ನೀನು ಯಾವ ಕಡೆ ಮುಖ ಮಾಡಿದ್ದೆ?"

ನುಜತ್ ಪರದೆಯ ಮೇಲೆ ಒಂದು ಚಿತ್ರ ನಿಲ್ಲಿಸಿದಳು. ಎಡತುದಿಯಲ್ಲಿ, ಅರ್ಧ ಕತ್ತರಿಸಿಹೋದಂತೆ, ಸ್ವಾತಿ. ಕೊರಳಿಗೆ ಡಬ್ಬ ಕಟ್ಟಿಕೊಂಡು ಮ್ಯಾಟಿಗೆ ಬೆನ್ನು ಹಾಕಿ, ಜನರ ಕಡೆ ತಿರುಗಿ ನಿಂತಿದ್ದಾಳೆ. ತಾಳ ಹಾಕುವವರು ಹಾಗೇ ನಿಲ್ಲಬೇಕು. ನಾವೆಲ್ಲ ಅದನ್ನು ಮೂರು ವರ್ಷ ನೋಡಿದ್ದೆವು.

"ಈ ವಿಡಿಯೊದಾಗೆ ಎಲ್ಲರ ಬೆನ್ನು ಕಾಣ್ತೈತೆ," ನುಜತ್ ಮೆಲ್ಲಗೆ ಹೇಳಿದಳು. "ಮುಖ ಕಾಣೋದು ನಿನ್ನದೊಂದೇ. ಅಶ್ಫಾಕ್ ಬಿದ್ದಿದ್ದು ನಿನ್ನ ಬೆನ್ನ ಹಿಂದೆ. ಅದು ನಿನಗೆ ಕಾಣ್ಲಿಲ್ಲ. ನಿನಗೆ ಕಂಡಿದ್ದು ಎತ್ತಿದ ಕೈ. ಯಾರದು?"

ಶಿವು ತಂಗಿಯ ಕಡೆ ತಿರುಗಿದ. "ಗೊತ್ತಿದ್ರೆ ಹೇಳೇ. ನನ್ನ ಬಾಳು ಹೋಗ್ತೈತೆ."

ಅವಳು ನೀರಿನ ಲೋಟ ನೋಡುತ್ತ ಕೂತಳು.

"ಬ್ಯಾಡ, ಬಿಡು," ಎಂದಳು ನುಜತ್. "ಪರಶುರಾಮ ಆಗಿದ್ರೆ ಅವತ್ತೇ ಹೇಳ್ತಿದ್ದೆ. ಬೇರೆ ಯಾರಾಗಿದ್ರೂ ಹೇಳ್ತಿದ್ದೆ. ಒಡಹುಟ್ಟಿದ ಅಣ್ಣನ ನೌಕರಿ ಹೋಗೋದನ್ನ ನೋಡ್ಕೊಂತ ಒಂದು ಹೆಸರು ಮುಚ್ಚಿಟ್ಟಿದ್ದೀಯ ಅಂದ್ರೆ, ಅಂಥ ಹೆಸರು ನಿಮ್ಮನೆಯಾಗೆ ಒಂದೇ ಇರಬೇಕು."

ನುಜತ್ ಬಾಗಿಲ ಕಡೆ ನೋಡಲಿಲ್ಲ. ನಾನು ನೋಡಿದೆ.

"ನಾನೇ," ಎಂದ ಉಚ್ಚಂಗೆಪ್ಪ. "ಮಗಳನ್ನ ಕೇಳಬ್ಯಾಡ್ರಿ."

ಶಿವು ಎದ್ದು ನಿಂತ. ಅಪ್ಪನಿಗೂ ಅವನಿಗೂ ನಡುವೆ ಎರಡು ಹೆಜ್ಜೆ. ಅವನು ಮುಂದೆ ಹೋಗಲೂ ಇಲ್ಲ, ಕೂರಲೂ ಇಲ್ಲ.

ಉಚ್ಚಂಗೆಪ್ಪ ನೆಲ ನೋಡುತ್ತ ತುಂಡು ತುಂಡಾಗಿ ಹೇಳಿದ. ಒಂಬತ್ತು ಅಂಕ. ಸೋತರೆ ಆಯ್ಕೆಯವರ ಕಣ್ಣಿಗೆ ಮಗ ಬೀಳುವುದಿಲ್ಲ ಎನ್ನಿಸಿತು. ಆಟ ನಡುವೆ ನಿಂತರೆ ಇನ್ನೊಂದು ದಿನ ಮೊದಲಿನಿಂದ ಆಡಿಸುತ್ತಾರಂತೆ. ಮ್ಯಾಟಿನ ಖಾಲಿ ಮೂಲೆಗೆ ಎಂದು ಎಸೆದದ್ದು, ಅಶ್ಫಾಕ್ ಅಡ್ಡ ಬಂದರು.

"ಮೊದಲಿನಿಂದ ಆಡಿಸ್ತಾರೆ ಅಂತ ನಿಮಗ್ಯಾರು ಹೇಳಿದ್ರು?" ನುಜತ್ ಕೇಳಿದಳು.

"ಯಾರೋ ಅಂದ್ರು."

ಅವನು ನನ್ನ ಕಡೆ ಕಣ್ಣೆತ್ತಲಿಲ್ಲ. ವಿರಾಮದ ಹೊತ್ತಿನಲ್ಲಿ ಅವನ ಪಕ್ಕ ಕೂತು, ಹೋದ ವರ್ಷ ಮಳೆಗೆ ನಿಂತ ಪಂದ್ಯವನ್ನು ಮತ್ತೆ ಆಡಿಸಿದ ಕಥೆ ಹೇಳಿದವನು ನಾನು. ಆಟ ನಿಂತಲ್ಲಿಂದಲೇ ಮುಂದುವರಿಸಬೇಕೆಂದು ನಿಯಮ ಈ ವರ್ಷ ಬದಲಾಗಿತ್ತು. ಲೀಗಿನವರು ಕಳಿಸಿದ ಹೊಸ ನಿಯಮಾವಳಿ ನನ್ನ ಫೋನಿನಲ್ಲೇ ಇತ್ತು. ನಾನು ತೆರೆದೂ ನೋಡಿರಲಿಲ್ಲ.

ಆಗ ಹೇಳಬಹುದಿತ್ತು. ಹೇಳಲಿಲ್ಲ.

ಉಚ್ಚಂಗೆಪ್ಪ ತಾನೇ ಪತ್ರ ಬರೆಸಿ ಹೆಬ್ಬೆಟ್ಟು ಒತ್ತಿದ. ಠಾಣೆಗೂ ಒಬ್ಬನೇ ಹೋದ. ಬುಧವಾರ ಲೀಗಿನ ಎರಡನೆಯ ಆದೇಶ ಬಂತು. ನಿಷೇಧ ರದ್ದು. ಸೆಮಿಫೈನಲ್‌ನ ಉಳಿದ ನಾಲ್ಕು ನಿಮಿಷ ಮುಂದಿನ ಭಾನುವಾರ.

ಮಂಡಕ್ಕಿ ಅಂಗಡಿಯಲ್ಲಿ ಆ ಸಂಜೆ ನಾನು ಆದೇಶ ಓದಿದೆ. ಚಪ್ಪಾಳೆ ಬಿತ್ತು. ಆಮೇಲೆ ಭರಮಣ್ಣ ಗಂಟಲು ಸರಿಮಾಡಿಕೊಂಡ.

"ಶಿವುನ ಹೊರಗೆ ಕೂರಿಸೋಣ."

ಯಾಕೆಂದು ಪರಶುರಾಮ ಕೇಳಿದ. ಅವನೊಬ್ಬನೇ ಕೇಳಿದ್ದು.

"ಅಪ್ಪ ಮಾಡಿದ್ದು ಮಗನಿಗೆ ಗೊತ್ತಿರ್ಲಿಲ್ಲ ಅಂದ್ರೆ ಯಾರು ನಂಬ್ತಾರಪ್ಪ? ನಮ್ಮೂರ ಮಾನ ತೆಗೆದ ಮನೆ ಅದು. ಅವ ಮ್ಯಾಟಿಗೆ ಇಳಿದ್ರೆ ದಾವಣಗೆರೆಯವರು ನಗ್ತಾರೆ."

ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದರು. ಉಳಿದವರು ತಲೆಯಾಡಿಸಿದರು. ಪೊಲೀಸ್ ಆಯ್ಕೆಗೆ ಅವನಿಗೆ ಬೇಕಾದ ತಂಡದ ಪ್ರಮಾಣಪತ್ರಕ್ಕೆ ಸಹಿ ಹಾಕುವುದಿಲ್ಲವೆಂದೂ ಭರಮಣ್ಣ ಹೇಳಿದ. ಅದಕ್ಕೂ ತಲೆಯಾಡಿಸಿದರು. ಐದು ನಿಮಿಷವೂ ಹಿಡಿಯಲಿಲ್ಲ. ಲೀಗಿನವರು ಮೂರು ದಿನ ತೆಗೆದುಕೊಂಡಿದ್ದರು.

ಆಟಗಾರರ ಪಟ್ಟಿಯನ್ನು ಮನೆಗೆ ತಂದು ಬರೆಯುತ್ತ ಕೂತೆ. ನುಜತ್ ಫೋನ್ ಮಾಡಿದಳು.

"ನಿಷೇಧ ಹೋಯ್ತಂತೆ. ಶಿವು ಆಡ್ತಾನಲ್ಲ?"

"ಇಲ್ಲ."

"ಯಾಕ? ಅವನಿಗೆ ಯಾರು ಶಿಕ್ಷೆ ಕೊಟ್ರು?"

"ಯಾರೂ ಕೊಟ್ಟಿಲ್ಲ," ಎಂದೆ.

ಅವಳ ದನಿ ತಗ್ಗಿತು.

"ಪ್ರಶಾಂತ, ಉಚ್ಚಂಗೆಪ್ಪನವರಿಗೆ ಹೇಳಿದ ಆ 'ಯಾರೋ' ನೀನೇ ಅಲ್ವಾ? ಅವತ್ತು ನೀನು ತಲೆ ತಗ್ಗಿಸಿದ್ದೆ. ಅವರು ಹೇಳ್ತಾರೇನೋ ಅಂತ ನೋಡಿದೆ, ಹೇಳಲಿಲ್ಲ. ನೀನು ಹೇಳ್ತೀಯೇನೋ ಅಂತ ಇಷ್ಟು ದಿನ ಕಾದೆ."

ಅವಳೇ ಫೋನ್ ಇಟ್ಟಳು. ಪಟ್ಟಿಯಲ್ಲಿ ಹನ್ನೊಂದು ಹೆಸರು ಬರೆದಾಗಿತ್ತು. ಹನ್ನೆರಡನೆಯದಾಗಿ ಶಿವುವಿನ ಬದಲು ಭರಮಣ್ಣ ಹೇಳಿದ ಹುಡುಗನ ಹೆಸರು ಬರೆದು, ಕೆಳಗೆ ಕಾರ್ಯದರ್ಶಿಯ ಜಾಗದಲ್ಲಿ ಸಹಿ ಹಾಕಿದೆ.