‘ತಗದೇನಿ’ ಎಂಬ ಒಂದು ಮಾತು

ಮೇ ಹದಿನೆಂಟು, ಭಾನುವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಗೋಕುಲ ರಸ್ತೆಯ ಕಲ್ಯಾಣ ಮಂಟಪವೊಂದರ ಹಿಂಬದಿಯಲ್ಲಿ ಮೂವರು ಸೇರಿ ಒಬ್ಬ ಛಾಯಾಗ್ರಾಹಕನ ಎಡಗೈ ಮುರಿದರು.

ಅವನ ಹೆಸರು ಶಿವಯೋಗೀಶ. ವಯಸ್ಸು ಇಪ್ಪತ್ತೊಂಬತ್ತು, ಮನೆ ನವನಗರ. ಛಾಯಾಗ್ರಾಹಕರ ಸಂಘದ ಕಾರ್ಡ್ ಅವನ ಬಳಿ ಇರಲಿಲ್ಲ. ಅದೊಂದೇ ಅವನ ತಪ್ಪು.

ಹೊಡೆದವರ ಮುಂದಾಳು ದುರಗಪ್ಪ, ಸಂಘದ ತಪಾಸಣೆ ತಂಡದ ಮುಖ್ಯಸ್ಥ. ಕಾರ್ಡ್ ಇಲ್ಲದವರು ಮದುವೆಗಳಲ್ಲಿ ಕ್ಯಾಮೆರಾ ಎತ್ತದಂತೆ ನೋಡಿಕೊಳ್ಳುವುದು ಆ ತಂಡದ ಕೆಲಸ. ದುರಗಪ್ಪನ ಕೈಯಲ್ಲಿದ್ದ ಟ್ರೈಪಾಡ್ ಎರಡನೇ ಸಲ ಮೇಲೆದ್ದಾಗ ನಡುವೆ ಒಬ್ಬಳು ನುಗ್ಗಿದಳು. ಏಟು ಅವಳ ಹುಬ್ಬಿಗೆ ಬಿತ್ತು.

ದಾಕ್ಷಾಯಿಣಿ! ವಧುವಿನ ಕಡೆಯ ಛಾಯಾಗ್ರಾಹಕಿ. ಅದೇ ಸಂಘದ ಸಹಕಾರ್ಯದರ್ಶಿಯೂ ಹೌದು. ಅವಳ ಮುಖದ ಮೇಲೆ ರಕ್ತ ಇಳಿಯುವುದನ್ನು ಕಂಡು ದುರಗಪ್ಪ ಹಿಂದೆ ಸರಿದ.

ಶಿವಯೋಗೀಶ ಗೋಡೆಗೆ ಒರಗಿ ಕೂತಿದ್ದ. ಮುರಿದ ಕೈ ತೊಡೆಯ ಮೇಲಿತ್ತು. ಬಲಗೈ ಕ್ಯಾಮೆರಾವನ್ನು ಇನ್ನೂ ಬಿಟ್ಟಿರಲಿಲ್ಲ.

“ಕ್ಯಾಮೆರಾ ಕೊಡ್ರಿ, ನಾ ಹಿಡ್ಕೋತೇನಿ,” ಎಂದಳು ದಾಕ್ಷಾಯಿಣಿ.

“ನೀವೂ ಸಂಘದವರೇನ್ರಿ?”

“ಹೌದ್ರಿ.”

“ಹಂಗಾದ್ರ ದೂರ ನಿಲ್ರಿ.”

ಅವಳು ದೂರ ನಿಲ್ಲಲಿಲ್ಲ. ತನ್ನ ಸ್ಕೂಟಿಯಲ್ಲೇ ವಿದ್ಯಾನಗರದ ಆಸ್ಪತ್ರೆಗೆ ಕರೆದೊಯ್ದಳು. ಅವನಿಗೆ ಆರು ವಾರಗಳ ಪ್ಲಾಸ್ಟರ್, ಅವಳಿಗೆ ಮೂರು ಹೊಲಿಗೆ. ಆದರೆ ಹೊಲಿಗೆಗಿಂತ ಹೆಚ್ಚು ಉರಿದದ್ದು ಆ ಮಾತು. ‘ಸಂಘದವರು ಅಂದ್ರ ಇವನಿಗೆ ಬರೇ ಹೊಡಿಯೋರs ಏನು...?’

ಸಂಘದಲ್ಲಿ ಆಗ ನೂರಾ ನಲವತ್ತೆರಡು ಸದಸ್ಯರಿದ್ದರು. ಮೂವತ್ತೈದು ದಾಟದವರು ಒಂಬತ್ತೇ ಮಂದಿ. ಅಧ್ಯಕ್ಷ ಶಂಭುಲಿಂಗ ಪ್ರತಿ ವರ್ಷದ ಭಾಷಣದಲ್ಲೂ ಹುಡುಗರು ಬರುತ್ತಿಲ್ಲ ಎಂದು ಕೊರಗುತ್ತಿದ್ದರು. ಬಂದವರಿಗೆ ಸಿಗುತ್ತಿದ್ದುದು ಸಭೆಯ ಕುರ್ಚಿ ಜೋಡಿಸುವ ಕೆಲಸ. ಸ್ವಂತ ಅಂಗಡಿ, ಅಂಗಡಿಯ ಮೇಲೆ ಬೋರ್ಡ್ ಇದ್ದವರಿಗೆ ಮಾತ್ರ ಕಾರ್ಡ್ ಮತ್ತು ಮತ ಎಂಬುದು ನಿಯಮ. ಈಗಿನ ಹುಡುಗರ ಅಂಗಡಿ ಅವರ ಬೆನ್ನಿನ ಚೀಲದಲ್ಲಿರುತ್ತದೆ. ಅದಕ್ಕೆ ಬೋರ್ಡ್ ಎಲ್ಲಿ ಹಾಕುವುದು? ದಾಕ್ಷಾಯಿಣಿಗೆ ಕಾರ್ಡ್ ಸಿಕ್ಕಿದ್ದು ತೀರಿಹೋದ ಅಪ್ಪನ ಸ್ಟುಡಿಯೋ ಇದ್ದುದರಿಂದ.

ಶಿವಯೋಗೀಶ ಪೊಲೀಸರಿಗೆ ದೂರು ಕೊಟ್ಟ. ಮೂರನೇ ದಿನ ಶಂಭುಲಿಂಗ ದಾಕ್ಷಾಯಿಣಿಯ ಸ್ಟುಡಿಯೋಗೆ ಬಂದು, ಹೇಗಾದರೂ ರಾಜಿ ಮಾಡಿಸು ಎಂದು ಕೇಳಿಕೊಂಡರು. ಅವಳು ಒಂದು ಷರತ್ತು ಹಾಕಿದಳು. ಬೋರ್ಡಿನ ನಿಯಮ ತೆಗೆದುಹಾಕುವ ನಿರ್ಣಯ ಸೆಪ್ಟೆಂಬರಿನ ವಾರ್ಷಿಕ ಸಭೆಗೆ ಬರಬೇಕು, ಶಿವಯೋಗೀಶ ಮತ್ತು ಅವನ ಜೊತೆಗಾರರ ಅರ್ಜಿಗಳನ್ನು ಅಂದೇ ಪರಿಗಣಿಸಬೇಕು. ಅವರು ಒಪ್ಪಿದರು.

ದಾಕ್ಷಾಯಿಣಿ ಹೋಗಿ ಶಿವಯೋಗೀಶನಿಗೆ ಎಲ್ಲವನ್ನೂ ತಿಳಿಸಿದಳು.

“ನಿಮ್ಮ ಮಾತಿನ ಮ್ಯಾಲ ದೂರು ವಾಪಸ್ ತಗೋತೇನ್ರಿ. ಸಂಘದ ಮಾತಿನ ಮ್ಯಾಲ ಅಲ್ಲ.”

ಆ ನಂಬಿಕೆಯ ಭಾರ ಅಂದಿನಿಂದ ಅವಳ ಎದೆಯ ಮೇಲೆ ಕೂತಿತು.

ಜೂನ್ ಮೊದಲ ವಾರ ಅವನು ಒಪ್ಪಿಕೊಂಡಿದ್ದ ಮದುವೆಯೊಂದಿತ್ತು. ಕ್ಯಾಮೆರಾದ ಗುಂಡಿ ಒತ್ತುವುದು ಬಲಗೈ. ಆದರೆ ಲೆನ್ಸಿಗೆ ಆಸರೆ ಕೊಟ್ಟು ತಿರುಗಿಸುವುದು ಎಡಗೈ. ಅದು ಪ್ಲಾಸ್ಟರಿನಲ್ಲಿತ್ತು. ದಾಕ್ಷಾಯಿಣಿ ಅವನ ಎಡಕ್ಕೆ ನಿಂತು ತನ್ನ ಕೈಯನ್ನು ಲೆನ್ಸಿನ ಕೆಳಗಿಟ್ಟಳು. ಮೊದಮೊದಲು ಅವನು ಹೇಳುತ್ತಿದ್ದ... ಇನ್ನೊಂಚೂರು ಒಳಗ, ಸಾಕು, ಹೊರಗ. ಅಕ್ಷತೆಯ ಹೊತ್ತಿಗೆ ಹೇಳುವುದನ್ನು ನಿಲ್ಲಿಸಿದ್ದ. ಅವಳ ಕೈಗೆ ಗೊತ್ತಾಗುತ್ತಿತ್ತು. ಅವನ ಉಸಿರು ಅವಳ ಕಿವಿಯ ಹತ್ತಿರವೇ ಇತ್ತು.

ಸೆಪ್ಟೆಂಬರ್ ಹೊತ್ತಿಗೆ ಮೂವತ್ತೊಂದು ಅರ್ಜಿಗಳು ಸೇರಿದವು. ಸಂಘದಲ್ಲಿ ಹಳೆಯ ಪದ್ಧತಿಯೊಂದಿತ್ತು. ಅರ್ಜಿಗೆ ಅಂಟಿಸುವ ಫೋಟೋವನ್ನು ಪದಾಧಿಕಾರಿಯೊಬ್ಬರು ಸ್ವತಃ ತೆಗೆಯಬೇಕು. ಹೊಸಬರಿಗೆ ಅದು ಗೊತ್ತಿರಲಿಲ್ಲ. ಸಭೆಯ ಹಿಂದಿನ ಸಂಜೆ, ಸ್ಟುಡಿಯೋದ ಮಾಳಿಗೆಯ ಮೇಲೆ ಶಿವಯೋಗೀಶ ಏನೋ ಹೇಳಿ ತಾನೇ ನಗುತ್ತಿದ್ದಾಗ ಅವಳು ಕ್ಲಿಕ್ ಮಾಡಿದಳು. ಯಾಕೆ ಎಂದು ಕೇಳಿದ. ಸುಮ್ಮನೆ ಎಂದಳು. ಕಾರ್ಡಿನ ಮೇಲೆ ಆ ನಗುವನ್ನು ಅವನು ತಾನಾಗಿಯೇ ನೋಡಲಿ ಎಂಬ ಆಸೆ!

ಅವನು ಹೊರಟ ಮೇಲೆ, ಸಂಘದ ಪಟ್ಟಿ ಬರೆಯುವ ಗುಮಾಸ್ತ ಹೊಳೆಯಪ್ಪನಿಗೆ ಅವಳು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿದಳು. ಕಣ್ಣ ಮುಂದೆ ಆ ಫೋಟೋ ಇತ್ತು. ಮಾತಿನ ಕೊನೆಗೆ ಸಣ್ಣದೊಂದು ನಗು ತಾನಾಗಿ ಬಂತು.

“ಹೊಳೆಯಪ್ಪ ಕಾಕಾ, ಶಿವಯೋಗೀಶನ್ನ ತಗದೇನ್ರಿ. ಉಳದವರನ್ನ ನಾಳೆ ಬಾಗಲದಾಗ ತಗೀತೇನಿ.”

ಮೂವತ್ತು ವರ್ಷ ಪಟ್ಟಿಯನ್ನೇ ಬರೆದ ಹೊಳೆಯಪ್ಪನಿಗೆ ತೆಗೆಯುವುದೆಂದರೆ ಹೆಸರಿನ ಮೇಲೆ ಗೆರೆ ಎಳೆಯುವುದು. ಆತ ಅರ್ಜಿದಾರರ ಪಟ್ಟಿಯಲ್ಲಿ ಶಿವಯೋಗೀಶನ ಹೆಸರಿನ ಮೇಲೆ ಕೆಂಪು ಗೆರೆ ಎಳೆದ.

ಮರುದಿನ ಬೆಳಿಗ್ಗೆ ಹತ್ತು ಗಂಟೆ. ವಿದ್ಯಾನಗರದ ಸಭಾಭವನ. ಅರ್ಜಿ ಹಾಕಿದ ಹುಡುಗ ಹುಡುಗಿಯರೆಲ್ಲ ಒಟ್ಟಾಗಿ ಬಂದರು. ಫೋಟೋಗೆ ಬೇಕಾದ ಬಿಳಿ ಪರದೆ ತರಲು ದಾಕ್ಷಾಯಿಣಿ ಸ್ಟುಡಿಯೋಗೆ ಹೋಗಿದ್ದಳು. ಬಾಗಿಲಲ್ಲಿ ಹೊಳೆಯಪ್ಪ ಶಿವಯೋಗೀಶನನ್ನು ತಡೆದು, ಹೆಸರಿಲ್ಲ ಎಂದ. ಯಾರು ತೆಗೆದರು ಎಂದು ಕೇಳಿದಾಗ, ತನ್ನದೇನೂ ತಪ್ಪಿಲ್ಲ ಎಂದು ತೋರಿಸಲು ಆ ಸಂದೇಶವನ್ನು ಎಲ್ಲರೆದುರು ಕೇಳಿಸಿದ.

ಶಿವಯೋಗೀಶನಿಗೆ ಮಾತಿಗಿಂತ ಹೆಚ್ಚಾಗಿ ಚುಚ್ಚಿದ್ದು ಕೊನೆಯ ನಗು. ‘ದೂರು ವಾಪಸ್ ತಗೊಳ್ಳೂತನಕ ಬೇಕಾಗಿದ್ದೆ... ಈಗ ನಗಾಕತ್ತಾಳ.’

ಹಿಂದೆ ನಿಂತ ಮೂವತ್ತು ಮಂದಿ ಕೇಳಿಸಿಕೊಂಡದ್ದು, ತಮ್ಮನ್ನೂ ಬಾಗಿಲಲ್ಲೇ ತೆಗೆಯುತ್ತಾರೆ ಎಂದು. ಗಾಜಿನ ಬಾಗಿಲು ಮೊದಲು ಒಡೆಯಿತು. ಒಳಗಿನಿಂದ ಕುರ್ಚಿಗಳು ಹಾರಿಬಂದವು. ತಪಾಸಣೆ ತಂಡದವನೊಬ್ಬ ಶಾಹೀನ ಎಂಬ ಹುಡುಗಿಯನ್ನು ಮೆಟ್ಟಿಲಿಗೆ ತಳ್ಳಿದ. ಅವಳ ಎರಡು ಹಲ್ಲು ಉದುರಿದವು. ಅರವತ್ತು ದಾಟಿದ ಸದಸ್ಯರೊಬ್ಬರ ಅಂಗೈಯಲ್ಲಿ ಗಾಜು ಸೇರಿತ್ತು. ಅವರು ಅದನ್ನು ಕೀಳಲಾಗದೆ ಕೈಯನ್ನೇ ನೋಡುತ್ತ ನಿಂತಿದ್ದರು. ದುರಗಪ್ಪ ಬೆಲ್ಟ್ ಬಿಚ್ಚಿ ಕೈಗೆ ಸುತ್ತಿಕೊಂಡು, ಬೋರ್ಡ್ ಇಲ್ಲದ ಭಿಕ್ಷುಕರು ಎಂದು ಬೈಯುತ್ತ ಬಂದ.

ಶಿವಯೋಗೀಶ ಮೈಕಿನ ಸ್ಟ್ಯಾಂಡ್ ಕಿತ್ತುಕೊಂಡ. ಒಂದೇ ಏಟು, ಬಲಗಿವಿಯ ಮೇಲೆ. ದುರಗಪ್ಪ ನೆಲಕ್ಕೆ ಬಿದ್ದ. ಶಿವಯೋಗೀಶ ಸ್ಟ್ಯಾಂಡನ್ನು ಮತ್ತೆ ಎತ್ತಿದ.

ಪರದೆ ಹೊತ್ತು ಬಂದ ದಾಕ್ಷಾಯಿಣಿ ಕಂಡದ್ದು ಇದನ್ನೇ. ಓಡಿ ಬಂದು ಸ್ಟ್ಯಾಂಡನ್ನು ಎರಡೂ ಕೈಯಿಂದ ಹಿಡಿದಳು.

“ಬಿಡ್ರಿ... ಸತ್ತಹೋಗ್ತಾನ.”

“ನಗಾಕತ್ತಿದ್ರಲ್ಲ, ಈಗೂ ನಗ್ರಿ,” ಎಂದ ಅವನು. ಅವನ ಕಣ್ಣಲ್ಲಿ ಅವಳು ಯಾರೋ ಅಪರಿಚಿತಳು.

ಅವಳಿಗೆ ಏನೂ ಅರ್ಥವಾಗಲಿಲ್ಲ. ಪೊಲೀಸರು ಬಂದು ಅವನನ್ನು ಜೀಪಿಗೆ ಹತ್ತಿಸಿದರು. ಮತದಾನ ನಡೆಯಲಿಲ್ಲ.

ಖಾಲಿ ಸಭಾಭವನದಲ್ಲಿ ಹೊಳೆಯಪ್ಪ ಪಟ್ಟಿ ಹಿಡಿದು ಕೂತಿದ್ದ. ಕೆಂಪು ಗೆರೆ ನೋಡಿ ಅವಳು ಕೇಳಿದಳು. ಬಾಗಿಲಲ್ಲಿ ಎಲ್ಲರಿಗೂ ಕೇಳಿಸಿದ್ದು ಇದನ್ನೇ ಎಂದು ಆತ ಸಂದೇಶ ಹಾಕಿದ. ತನ್ನದೇ ದನಿ, ತನ್ನದೇ ನಗು... ಅವಳು ಅದನ್ನು ಎರಡು ಸಲ ಕೇಳಿದಳು. ಎರಡನೇ ಸಲ ಶಿವಯೋಗೀಶನ ಕಿವಿಯಿಂದ ಕೇಳಿದಳು.

ಸೋಮವಾರ ಮಧ್ಯಾಹ್ನ ಜಾಮೀನು ಸಿಕ್ಕಿತು. ನ್ಯಾಯಾಲಯದ ಆವರಣದಲ್ಲಿ ಅವಳನ್ನು ಕಂಡು ಅವನು ಬೇರೆ ದಾರಿ ಹಿಡಿದ. ಅವಳು ಎದುರಿಗೆ ಹೋಗಿ ನಿಂತು ಫೋನ್ ಹಿಡಿದಳು. ಪರದೆಯ ಮೇಲೆ ಅವನೇ, ಮಾಳಿಗೆಯ ಮೇಲೆ ನಗುತ್ತಿದ್ದ.

“ಇದು ಅರ್ಜಿಗೆ ಹಚ್ಚೋ ಫೋಟೋ. ಇದನ್ನ ತಗದೇನಿ ಅಂದೆ. ಇದನ್ನ ನೋಡ್ಕೋತ ನಕ್ಕೆ.”

ಅವನು ಫೋಟೋವನ್ನೇ ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತ.

“ತಗಿಯೋದು ನನ್ನ ಕೆಲಸರಿ... ಆ ಮಾತು ನನಗ ತಿಳೀಲಿಲ್ಲ.”

ಅವಳು ಸಮಾಧಾನ ಹೇಳಲಿಲ್ಲ. ದುರಗಪ್ಪನಿಗೆ ಹನ್ನೊಂದು ಹೊಲಿಗೆ ಬಿದ್ದಿವೆ, ಬಲಗಿವಿ ಕೇಳುತ್ತಿಲ್ಲ ಎಂದು ತಿಳಿಸಿದಳು. ಮೇ ತಿಂಗಳಲ್ಲಿ ದುರಗಪ್ಪ ಮಾಡಿದ್ದು ತಪ್ಪಾದರೆ ಇದೂ ತಪ್ಪೇ ಎಂದಳು. ಶಿವಯೋಗೀಶ ಒಪ್ಪಿ ತಲೆಯಾಡಿಸಿದ.

“ಫೋಟೋಕ್ಕಂತ ಮದಲ ಹೇಳದs ನಾನೂ ತಪ್ಪು ಮಾಡೇನಿ. ಆದ್ರ ನೀ ಒಂದು ಮಾತು ಕೇಳಬೇಕಾಗಿತ್ತು. ನನ್ನನ್ನs ಕೇಳಬೇಕಾಗಿತ್ತು.”

ಅವನು ತಲೆ ಎತ್ತಿದ. “‘ನೀ’ ಅಂದ್ರಿ.”

“ಹೂಂ.”

“ಇನ್ನ ಮ್ಯಾಲ ನಾನೂ ಹಂಗ ಅನ್ನಲಿ?”

“ಅನ್ನು.”

“ದಾಕ್ಷಾಯಿಣಿ... ನಿನ್ನ ಬಿಟ್ಟು ಇರಾಕ ನನಗ ಆಗಂಗಿಲ್ಲ.”

“ನನಗೂ ಆಗಂಗಿಲ್ಲ. ಏಳು, ದುರಗಪ್ಪನ ಮನಿಗೆ ಹೋಗೂಣು.”

ಹೋದರು. ದುರಗಪ್ಪನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ, ಅವನ ಕ್ಷಮೆಯ ಮಾತು ಪೂರ್ತಿ ಕೇಳಿ, ಒಳಗೆ ಕರೆಯದೆ ಕದ ಹಾಕಿದಳು.

ಅಕ್ಟೋಬರ್ ಹನ್ನೆರಡರಂದು ಸಭೆ ಮತ್ತೆ ಸೇರಿತು. ಬೋರ್ಡಿನ ನಿಯಮ ರದ್ದಾಯಿತು. ಬೇಕಿದ್ದುದಕ್ಕಿಂತ ಎರಡು ಮತ ಹೆಚ್ಚು ಬಿದ್ದಿದ್ದವು. ಮೂವತ್ತು ಮಂದಿಗೆ ಕಾರ್ಡ್ ಸಿಕ್ಕಿತು. ಶಿವಯೋಗೀಶನ ಅರ್ಜಿಯನ್ನು ಪ್ರಕರಣ ಮುಗಿಯುವವರೆಗೆ ತಡೆಹಿಡಿಯಲಾಯಿತು.

ನವೆಂಬರ್ ಕೊನೆಯ ವಾರ ನವನಗರದಲ್ಲಿ ದಾಕ್ಷಾಯಿಣಿ ಮತ್ತು ಶಿವಯೋಗೀಶನ ಮದುವೆಯಾಯಿತು.