ಹತ್ತಕ್ಕೆ ಮೂರು ಅಂಕದ ಹುಡುಗ

"ನಿಮ್ಮ ಬಗ್ಗೆ ಊರ ಮಂದಿನ್ನ ಒಂದಿಷ್ಟು ಕೇಳಬೇಕಾಗೈತ್ರಿ. ಅಡ್ಡಿ ಇಲ್ಲಲ್ರಿ?"

ಬಾಗಿಲಲ್ಲಿ ನಿಂತ ಹುಡುಗಿಯ ಮಾತಿಗೆ ಸಿದ್ದಲಿಂಗನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಜಾರಿ ಅವನದೇ ಕಾಲ ಮೇಲೆ ಬಿತ್ತು!

ಶಿರಗುಪ್ಪಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವವನು ಅವನು. ಅಂಗಡಿಯಲ್ಲಿ ಕೂತಿದ್ದ ಕಬ್ಬಿನ ರೈತರು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು.

"ನನ್ನ ಬಗ್ಗೆ... ಏನ್ ಕೇಳ್ತೀರಿ?"

"ನಿಮ್ಮ ಕೆಲಸದ ಬಗ್ಗೆರಿ. ನಾನು ನೀಲಮ, ನಿಪ್ಪಾಣಿಯಾಕಿ. ಎಂಬಿಎ ಓದಾಕತ್ತೀನಿ. ಅಂಗಡಿಯವರ ಸೇವೆಯಿಂದ ಮಂದಿ ಮನಿ ನೆಮ್ಮದಿ ಹೆಂಗ ಬದಲಾಗ್ತೈತಿ ಅಂತ ಸರ್ವೆ ಮಾಡಾಕ ಬಂದೀನಿ."

"ಕೇಳ್ರಿ, ಕೇಳ್ರಿ..." ಎಂದು ಅವನು ತಲೆ ಎತ್ತಿದ.

ಗ್ರೀಸು ಮೆತ್ತಿದ ಮುಖದಲ್ಲಿ ಆ ಕಣ್ಣೆರಡೇ ಸ್ವಚ್ಛವಾಗಿದ್ದವು. ನೀಲಮಳ ಎದೆ ಡವಗುಟ್ಟಿತು. 'ಸರ್ವೆ ಮಾಡಾಕ ಬಂದೀಯೇ, ಸುಮ್ನಿರ!' ಎಂದು ತನ್ನನ್ನೇ ಗದರಿಕೊಂಡಳು.

ಮೊದಲು ಸಿಕ್ಕವನು ಧರೆಪ್ಪ. ಆರು ಎಕರೆ ಕಬ್ಬಿನ ಧಣಿ.

"ಸಿದ್ದಲಿಂಗನವರು ಹೇಳಿದ ಮಾತಿಗೆ ನಿಲ್ತಾರೇನ್ರಿ? ಸಿಟ್ಟು ಮಾಡ್ತಾರೇನ್ರಿ? ಇನ್ನೊಬ್ಬರಿಗೆ ಇವರ ಹೆಸರು ಧೈರ್ಯವಾಗಿ ಹೇಳ್ತೀರೇನ್ರಿ? ಹತ್ತಕ್ಕ ಎಷ್ಟು ಅಂಕ ಕೊಡ್ತೀರಿ?"

ಓದುಗರೇ, ನೀವೇ ಹೇಳಿ! ಹೆಣ್ಣು ಕೊಡುವ ಮುಂಚೆ ಹುಡುಗನ ಊರಿಗೆ ಹೋಗಿ, ಚಹಾದಂಗಡಿಯಲ್ಲಿ ಕೂತು, ಹೀಗೇ ಅಲ್ಲವೇ ವಿಚಾರಿಸುವುದು? ಎಂಬಿಎ, ಸರ್ವೆ ಎಂಬುದೆಲ್ಲ ಈಗಿನ ಹುಡುಗಿಯರ ಹೊಸ ನೆಪ ಎಂದುಕೊಂಡ ಧರೆಪ್ಪ. ಕೂಡಿಬರುವ ಸಂಬಂಧಕ್ಕೆ ಕಲ್ಲು ಹಾಕಲು ಅವನಿಗೇನು ಹುಚ್ಚೇ?

"ಬಂಗಾರದಂಥ ಹುಡುಗ್ರಿ ತಂಗಿ! ಹತ್ತಕ್ಕ ಹನ್ನೊಂದು ಬರ್ಕೋರಿ."

"ಹತ್ತರ ತನಕಾ ಅಷ್ಟ ಐತ್ರಿ ಕಾಕಾ."

"ಹಂಗಾರ ಹತ್ತು. ಚಟಾ ಗಿಟಾ ಏನೂ ಇಲ್ರಿ."

'ಚಟದ ಪ್ರಶ್ನೆ ನಾ ಕೇಳೇ ಇಲ್ಲಲ್ಲ...' ಎಂದು ನೀಲಮ ತಲೆ ಕೆರೆದುಕೊಂಡಳು.

ಎಂಟು ದಿನ ಬಸ್ಸಿನಲ್ಲಿ ಓಡಾಡಿ ಮೂವತ್ತೆರಡು ಜನರನ್ನು ಮಾತಾಡಿಸಿದಳು. ದಿನವೂ ಅಂಗಡಿಯಲ್ಲೊಂದು ಚಹಾ. ದಿನವೂ ಆ ಕಣ್ಣು. ಇಂಥ ಹುಡುಗ ಇರುವುದುಂಟೇ ಎಂದು ಅವಳಿಗೇ ಬೆರಗು.

ಆದರೆ ಕಾಲೇಜಿನ ಗೈಡ್ ಕಾಕಾಸಾಹೇಬ ಸರ್ ಫೋನಿನಲ್ಲಿ ಸಿಡಿದರು. "ಮೂವತ್ತೆರಡು ಮಂದೀನೂ ಹತ್ತಕ್ಕ ಹತ್ತ? ಮನ್ಯಾಗ ಕುಂತು ಫಾರ್ಮ್ ತುಂಬೀಯೇನವಾ? ಶನಿವಾರದೊಳಗ ಖರೇ ಉತ್ತರ ತಾ. ಇಲ್ಲಾಂದ್ರ ಈ ವರ್ಷ ಹೋತು ಅಂತ ತಿಳಿ."

ನೀಲಮಳ ಕಣ್ಣಲ್ಲಿ ನೀರಾಡಿತು. ನೇರ ಅಂಗಡಿಗೆ ನುಗ್ಗಿದಳು.

"ಎಲ್ಲಾರಿಗೂ ನೀವ ಹೇಳಿಕೊಟ್ಟೀರಿ!"

"ದೇವರಾಣೆ ಇಲ್ರಿ!"

ಚಹಾ ಹಿಡಿದು ಬಂದ ಅವನ ತಾಯಿ ಕಸ್ತೂರೆವ್ವ ನಡುವೆ ಬಾಯಿ ಹಾಕಿದಳು. "ಹೆಣ್ಣಿನ ಕಡೆಯವರು ಕೇಳಾಕ ಬಂದ್ರ ಯಾರಾರ ಕೆಟ್ಟ ಹೇಳ್ತಾರೇನವಾ?"



"ಹೆಣ್ಣಿನ... ಕಡೆಯವರು?" ನೀಲಮ ಸಿದ್ದಲಿಂಗನತ್ತ ತಿರುಗಿದಳು. "ನಿಮಗ ಗೊತ್ತಿತ್ತಾ?"

"ಎರಡನೇ ದಿನಾನ ಗೊತ್ತಾತ್ರಿ."

"ಮತ್ಯಾಕ ಹೇಳಲಿಲ್ಲ?"

"ಹೇಳಿದ್ರ... ನೀವು ಬರೂದು ನಿಲ್ಲಿಸ್ತಿದ್ರಿ."

ಒಳಗೊಳಗೇ ಸಿಹಿಯಾಗಬೇಕಿದ್ದ ಮಾತು ಆ ಹೊತ್ತಿಗೆ ಅವಳ ಸಿಟ್ಟು ಕೆರಳಿಸಿತು. "ನನ್ನ ವರ್ಷ ಹೋಗೂದು ನಿಮಗ ಆಟ ಆತಲ್ಲ!" ಎಂದು ಅಳುತ್ತಲೇ ಬಸ್ಸು ಹತ್ತಿದಳು.

ಶುಕ್ರವಾರ ಬೆಳಿಗ್ಗೆ ಅವನದೇ ಫೋನು. "ಒಂದ್ ಸಲ ಬರ್ರಿ. ಫಾರ್ಮ್ ತಗೊಂಡು ಬರ್ರಿ."

ಬಂದು ನೋಡಿದರೆ ಅಂಗಡಿಯ ಮುಂದೆ ಅರ್ಧ ಊರು! ಸಿದ್ದಲಿಂಗ ಮೋಟಾರೊಂದರ ಮೇಲೆ ಹತ್ತಿ ನಿಂತಿದ್ದ.

"ಇವರು ನನ್ನ ನೋಡಾಕ ಬಂದವರಲ್ರಿ. ಇವರ ಓದಿನ ಕೆಲಸ ಇದು. ನನ್ನ ಮುಲಾಜು ಬ್ಯಾಡ, ಖರೇ ಹೇಳ್ರಿ."

ಅಷ್ಟೇ ಸಾಕಿತ್ತು. ಶಿರಗುಪ್ಪಿ ವರ್ಷಗಳಿಂದ ನುಂಗಿಕೊಂಡಿದ್ದನ್ನೆಲ್ಲ ಕಕ್ಕಿತು.

"ಮೂರು!" ಧರೆಪ್ಪ ಕೂಗಿದ. "ನಾಳೆ ಕೊಡ್ತೀನಿ ಅಂದ ಮೋಟಾರ್ ಹನ್ನೊಂದು ದಿನಕ್ಕ ಕೊಟ್ಟ. ಕಬ್ಬು ಒಣಗಾಕತ್ತು. ಆ ಸಿಟ್ಟು ಹೇಂತಿ ಮ್ಯಾಲೆ ತಗದೆ, ಆಕಿ ತವರಿಗೆ ಹೋದ್ಳು. ಹದಿನೈದು ದಿನ ನಾನ ರೊಟ್ಟಿ ಬಡದೀನಿ!"

ನೀಲಮಳ ಪೆನ್ನು ಓಡಿತು. ಅವಳು ಹುಡುಕುತ್ತಿದ್ದುದು ಇದೇ ಅಲ್ಲವೇ! ತಡವಾದ ಒಂದು ಮೋಟಾರು ಒಬ್ಬನ ಮನೆಯ ಒಲೆಯವರೆಗೂ ಹೋಗಿ ತಲುಪುವುದು...

"ಫೋನ್ ಎತ್ತೂದಿಲ್ಲ, ನಾಕು" ಎಂದ ಇನ್ನೊಬ್ಬ ರೈತ ಗುರಪ್ಪ.

"ಯಾರಿಗೂ ಇಲ್ಲ ಅನ್ನಾಕ ಬರೂದಿಲ್ಲ ಇವಂಗ. ಎಲ್ಲಾರ ಕೆಲಸಾನೂ ಒಪ್ಕೊಂತಾನ, ಊಟಾ ಮರೀತಾನ. ನಂದು ಎರಡು!" ಎಂದಳು ಹೆತ್ತ ತಾಯಿ.

ಸಿದ್ದಲಿಂಗ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಒಂದಕ್ಕೂ ಎದುರಾಡಲಿಲ್ಲ. ಸಂಕೋಚದ ರೈತ ಬಾಬಾಸಾಹೇಬ 'ಆರು' ಎಂದು ಜಾರಿಕೊಳ್ಳಲು ಹೋದಾಗ ಅವನೇ ತಡೆದ. "ಅಣ್ಣಾ, ನಿಮ್ಮ ಮೋಟಾರಿಗೆ ತಪ್ಪು ತಂತಿ ಸುತ್ತಿದ್ದೆನಲ್ಲ, ಅದನ್ನ ಹೇಳ್ರಿ. ಇವರ ವರ್ಷದ ಪ್ರಶ್ನೆ ಐತಿ."

ನೀಲಮಳ ಪೆನ್ನು ನಿಂತಿತು. 'ಒಂದೊಂದು ಅಂಕ ಇಳಿದ್ಹಂಗೆಲ್ಲಾ ನಾ ದೂರ ಹೋಗ್ತೀನಿ ಅಂತ ತಿಳಿದೂ, ತಾನ ಇಳಿಸಾಕತ್ತಾನಲ್ಲ ಇಂವಾ!'

ಮುಂದಿನ ಬುಧವಾರ ಅವಳು ಮತ್ತೆ ಶಿರಗುಪ್ಪಿಯ ಬಸ್ಸಿಳಿದಳು. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

"ಸರ್ ಒಪ್ಪಿದ್ರೇನ್ರಿ?" ಅವನು ಗಡಬಡಿಸಿ ಎದ್ದ.

"ಭೇಷ್ ಅಂದ್ರು."

"ಮತ್ತ... ಇನ್ನೇನಾರ ಕೇಳೂದು ಉಳದೈತೇನ್ರಿ?"

"ಕಾಲೇಜಿಂದು ಮುಗೀತು. ಇವತ್ತು ನನ್ನ ಸಲುವಾಗಿ ಬಂದೀನಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಗ್ರೀಸಿನ ಅಡಿಯಲ್ಲೂ ಮುಖ ಕೆಂಪೇರಿದ್ದು ಕಂಡಿತು.

"ಇಷ್ಟೆಲ್ಲಾ ಗೊತ್ತಾದ ಮ್ಯಾಲೂ?"

"ನನ್ನ ಗೆಳತ್ಯಾರಿಗೆಲ್ಲಾ ಮದುವಿ ಆದ ಮ್ಯಾಲೆ ಗೊತ್ತಾತು. ನನಗ ಮೊದಲ ಗೊತ್ತಾತು, ಅಷ್ಟ."

ಸಿದ್ದಲಿಂಗ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಹಂಗಾರ... ನಿಮ್ಮ ಬಗ್ಗೆ ಕೇಳಾಕ ನಾ ನಿಪ್ಪಾಣಿಗೆ ಬರಲೇನ್ರಿ?"

"ಬರ್ರಿ. ನಮ್ಮವ್ವನ್ನ ಮೊದಲ ಕೇಳ್ರಿ," ನೀಲಮ ನಗು ತಡೆಯಲಾರದೆ ಹೇಳಿದಳು, "ಆಕಿ ನನಗ ಒಂದು ಅಂಕದ ಮ್ಯಾಲೆ ಕೊಡೂದಿಲ್ಲ!"